ಒಂಬತ್ತನೆಯ ಕಾರ್ಡು

ಗುಡ್ಡದ ಆಸ್ಪತ್ರೆ, ನರ್ಸುಗಳ ಕ್ವಾರ್ಟರ್ಸ್,
ಮೂಡುಬಿದಿರೆ,
೧೧-೧೦-೧೯೬೪, ಆದಿತ್ಯವಾರ

ಪ್ರೀತಿಯ ಶಂಭಣ್ಣಾ,

ಹೇಗಿದ್ದಿ? ಹೋದ ಕಾಗದದಲ್ಲಿ ನೀನು ಹೊಟ್ಟೆಯುರಿ ಎಂದು ಒಂದೇ ಸಾಲು ಬರೆದು ಮುಗಿಸಿದ್ದಿ. ಹೋಟೆಲಿನಲ್ಲೇ ಇದ್ದುಕೊಂಡು ಹೊತ್ತಿಗೆ ಸರಿಯಾಗಿ ಉಣ್ಣದವನು ಇಡೀ ಬೊಂಬಾಯಿಯಲ್ಲಿ ನೀನೊಬ್ಬನೇ ಇರಬೇಕು. ಬೆಳಿಗ್ಗೆ ಮಜ್ಜಿಗೆ ಕುಡಿ, ಬರೀ ಹೊಟ್ಟೆಗೆ ಚಾ ಬೇಡ. ಇದು ನನ್ನ ಡಾಕ್ಟರಿಕೆ ಅಲ್ಲ, ಅಮ್ಮನ ಮಾತು. ನಮಗೆ ಇನ್ನೂ ಹೊಟ್ಟೆಯ ಪಾಠ ಶುರುವಾಗಲಿಲ್ಲ. ಮೇಲ್ಕಾರಿನಲ್ಲಿ ಅಮ್ಮ ಸೌಖ್ಯ, ಕೆಮ್ಮು ಇಳಿದಿದೆ. ನಿನ್ನ ಕಾಗದ ಬಂದರೆ ಅಂಚೆಯವನಿಂದ ಒಮ್ಮೆ, ಪಕ್ಕದ ಮನೆಯ ಮಾಸ್ಟ್ರಿಂದ ಒಮ್ಮೆ ಓದಿಸಿ, ಇಬ್ಬರೂ ಒಂದೇ ರೀತಿ ಓದಿದರೋ ಎಂದು ನೋಡುವ ಅಭ್ಯಾಸ ಈಗಲೂ ಉಂಟು. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಕಂಡರೆ ಬೈಯಬೇಡ. ಶುಕ್ರವಾರ ಹಿಡಿದ ಕಾಗದ ಇದು, ಇವತ್ತು ಮುಗಿಸಲೇಬೇಕು.

ದಸರಾ ರಜೆಗೆ ನಾನು ಮನೆಗೆ ಹೋಗಲಿಲ್ಲ. ಅಲ್ವಾರಿಸ್ ಡಾಕ್ಟರು ಇಲ್ಲಿಗೆ ಬರಹೇಳಿದರು. ಒಂದು ವರ್ಷದ ಪೂರ್ವಪಾಠ ಮುಗಿಸಿ ಈಗಷ್ಟೇ ಮೆಡಿಕಲ್ ಕಾಲೇಜಿನ ಮೊದಲನೆಯ ವರ್ಷಕ್ಕೆ ಬಂದವರಿಂದ ಆಸ್ಪತ್ರೆಗೆ ಏನೂ ಪ್ರಯೋಜನ ಇಲ್ಲ. ನಮಗೆ ಗೊತ್ತಿರುವುದು ಎಲುಬುಗಳ ಹೆಸರು, ಅದೂ ಪ್ರೊಫೆಸರು ಎದುರು ನಿಂತರೆ ನನಗೆ ಮರೆತುಹೋಗುತ್ತದೆ. ಇಷ್ಟು ವರ್ಷ ಸಿಸ್ಟರುಗಳ ಹಾಸ್ಟೆಲಿನಲ್ಲಿ ಬೆಳೆದೂ ನನ್ನ ಇಂಗ್ಲಿಷು ಅರ್ಧ ದಾರಿಯಲ್ಲಿ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ ನೀನು ನಗಬಹುದು. ಆದರೆ ಡಾಕ್ಟರಿಗೆ ಬೇಕಾದದ್ದು ನನ್ನ ಇಂಗ್ಲಿಷಲ್ಲ, ನನ್ನ ತುಳು. ಅವರದು ಕೊಂಕಣಿ, ಜೊತೆಗೆ ಒಂಬತ್ತು ವರ್ಷ ಇಂಗ್ಲೆಂಡಿನಲ್ಲಿದ್ದು ತಂದ ಮಾತು. ಅವರ ಹದಿನಾಲ್ಕು ಪೇಷೆಂಟುಗಳು ಭುಜ ಹೇಗಿದೆ ಎಂದು ಬರೆದುಕೊಟ್ಟ ಕಾರ್ಡುಗಳನ್ನು ಇಂಗ್ಲಿಷಿಗೆ ಇಳಿಸುವುದು, ಎರಡು ವರ್ಷದ ತಪಾಸಣೆಗೆ ಬಾರದವರ ಮನೆಗೆ ಹೋಗಿ ಕೇಳಿ ಬರುವುದು, ಇದು ನನ್ನ ಕೆಲಸ. ಆ ಹದಿನಾಲ್ಕರಲ್ಲಿ ಒಂಬತ್ತನೆಯ ಕಾರ್ಡು ನಿನ್ನದು.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಮೊದಲಿನಿಂದ ಬರೆಯುತ್ತೇನೆ. ನೀನು ಅದನ್ನು ಮಂಚದ ಮೇಲಿಂದ ನೋಡಿದವನು, ನಾನೀಗ ಮೇಜಿನ ಕಡೆಯಿಂದ ನೋಡುತ್ತಿದ್ದೇನೆ. ಭುಜ ಎಂದರೆ ಬಟ್ಟಲಲ್ಲಿಟ್ಟ ಕಾಯಿಯ ಹಾಗೆ ಎಂದು ನಾನು ಎಣಿಸಿದ್ದೆ. ಅಲ್ಲ. ನನ್ನ ಮಂಚದ ಕೆಳಗೆ ಎಲುಬಿನ ಪೆಟ್ಟಿಗೆ ಉಂಟು, ತೆಗೆದು ನೋಡಿದೆ: ಅದು ಸಾಸರಿನ ಮೇಲಿಟ್ಟ ಲಿಂಬೆಹಣ್ಣು. ಸುತ್ತಲಿನ ನಾರು, ಮಾಂಸ ಹಿಡಿದುಕೊಂಡರೆ ನಿಂತೀತು, ಒಮ್ಮೆ ಎದುರಿನ ಅಂಚು ಹರಿದರೆ ಮತ್ತೆ ಮತ್ತೆ ಜಾರುತ್ತದೆ. ನಿನ್ನದು ಹರಿದದ್ದು ಇದಿನಬ್ಬ ಬ್ಯಾರಿಯ ಓಡದಲ್ಲಿ. ಹಂಚು ತುಂಬಿಸಿಕೊಂಡು ಬಂಟ್ವಾಳದಿಂದ ಹೊಳೆಯಲ್ಲಿ ಕೆಳಗೆ ಹೋಗುವಾಗ ಓಡ ನೂಕುವ ಗಳ ಕೆಸರಿನಲ್ಲಿ ಕಚ್ಚಿತು, ಓಡ ಮುಂದೆ ಹೋಯಿತು, ನೀನು ಮಾತ್ರ ಬಿಡಲಿಲ್ಲ. "ಗಳ ಬಿಡು ಮಾರಾಯ, ಗಳ ಬೇರೆ ಸಿಗ್ತದೆ, ಕೈ ಎಲ್ಲಿಂದ ತರುವುದು" ಎಂದು ಬ್ಯಾರಿ ಬೊಬ್ಬೆ ಹಾಕಿದ್ದನ್ನು ಅವರೇ ಬಂದು ಅಮ್ಮನಿಗೆ ಹೇಳಿದರು. ಆಮೇಲೆ ಅಂಗಿ ತೊಡುವಾಗಲೂ ಜಾರತೊಡಗಿತು.

ಇದಕ್ಕೆ ಹಳೆಯ ಆಪರೇಷನ್ ಒಂದುಂಟು. ಸಡಿಲಾದ ರವಕೆಯನ್ನು ಹಿಡಿದು ಹೊಲಿದ ಹಾಗೆ ಎದುರಿನ ಮಾಂಸವನ್ನು ಒಂದರ ಮೇಲೊಂದು ಮಡಚಿ ಹೊಲಿಯುವುದು. ಜಾರುವುದಿಲ್ಲ, ಆದರೆ ಕೈ ಮತ್ತೆ ಪೂರ್ತಿ ಹೊರಗೆ ತಿರುಗುವುದೂ ಇಲ್ಲ. ಹೊಸತು ಡಾಕ್ಟರು ಸಮುದ್ರದಾಚೆ ಕಂಡು ಬಂದದ್ದು: ಹೆಗಲೆಲುಬಿನ ಕೊಕ್ಕಿನಂಥ ತುದಿಯನ್ನು ಅದಕ್ಕಂಟಿದ ಮಾಂಸದ ಸಮೇತ ಕಡಿದು, ಆ ಸಾಸರಿನಂಥ ಗುಳಿಯ ಎದುರು ಒಂದು ಸ್ಕ್ರೂ ಹಾಕಿ ನಿಲ್ಲಿಸುವುದು. ಬಾಗಿಲಿಗೆ ಹೊಸ್ತಿಲು ಇಟ್ಟ ಹಾಗೆ. ಕೈ ತಿರುಗಿಯೂ ತಿರುಗಬೇಕು, ಜಾರಲೂ ಬಾರದು. ಯಾವುದು ನಿಜವಾಗಿ ಒಳ್ಳೆಯದು ಎಂದು ತಿಳಿಯಲು ಏಳು ಜನಕ್ಕೆ ಅದು, ಏಳು ಜನಕ್ಕೆ ಇದು. ಆರಿಸುವುದು ಡಾಕ್ಟರಲ್ಲ, ಬಿಸ್ಕಿಟ್ ಡಬ್ಬಿಯೊಳಗಿನ ಮುಚ್ಚಿದ ಲಕೋಟೆ. ಡಬ್ಬಿ ಹಿಡಿದ ಮುದಿ ಸಿಸ್ಟರ್ ಈಗಲೂ ನಿನ್ನ ಕಥೆ ಹೇಳಿ ನಗುತ್ತಾರೆ. ಫೆಬ್ರವರಿಯ ಚಳಿಗೆ ಆಸ್ಪತ್ರೆಯ ಬಾವಿಕಟ್ಟೆಯಲ್ಲಿ ತಣ್ಣೀರು ಮಿಂದು, ಒದ್ದೆ ತಲೆಯಲ್ಲೇ ಬಂದು, ದೇವರ ಮುಂದೆ ಹೂ ಎತ್ತುವ ಹಾಗೆ ಕಣ್ಣುಮುಚ್ಚಿ ಲಕೋಟೆ ಎತ್ತಿದಿಯಂತೆ. ನಿನಗೆ ಸಿಕ್ಕಿದ್ದು ಹೊಸ್ತಿಲು.

ಎರಡು ವರ್ಷದಲ್ಲಿ ಬಂದ ಕಾರ್ಡುಗಳನ್ನು ನಾನು ಈ ವಾರ ಸಾಲಾಗಿ ಹರಡಿದೆ. ಹೊಸ ಕ್ರಮದ ಏಳರಲ್ಲಿ ಏಳೂ ಸರಿ. ಡಾಕ್ಟರು ರಿಪೋರ್ಟ್ ಟೈಪ್ ಮಾಡಿಸಿಯಾಗಿದೆ, ಡಿಸೆಂಬರಿನಲ್ಲಿ ಮದರಾಸಿನ ಸಭೆಯಲ್ಲಿ ಓದಬೇಕು. ಅವರು ಅಷ್ಟು ಹಗುರವಾಗಿ ನಡೆಯುವುದನ್ನು ನಾನು ಕಂಡದ್ದೇ ಇಲ್ಲ. ನನಗೆ ಮಾತ್ರ ಸಂಶಯ ಶುರುವಾಯಿತು. ಹದಿನಾಲ್ಕು ಕಾರ್ಡಿನಲ್ಲೂ ಒಂದೇ ಶಬ್ದ: ಅಡ್ಡಿಲ್ಲ. ಶಾಯಿ ಬೇರೆ, ಊರು ಬೇರೆ, ಕೆಲವರದು ಬೇರೆಯವರಿಂದ ಬರೆಸಿದ್ದು, ಆದರೆ ಎಲ್ಲರದೂ ಅಡ್ಡಿಲ್ಲ. ಅಣ್ಣಾ, ನಮ್ಮವರು ಉಂಡ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಹೇಳಿದ್ದುಂಟಾ? ಕೇಳಿದರೆ ಬಹಳ ಲಾಯ್ಕಾಗಿತ್ತು ಎನ್ನುತ್ತಾರೆ, ಮನೆಗೆ ಬಂದು ನಾಲ್ಕು ಚೆಂಬು ನೀರು ಕುಡಿಯುತ್ತಾರೆ. ಈ ಡಾಕ್ಟರು ಮುಟ್ಟಿದ್ದಕ್ಕೆ ಏನೂ ತೆಗೆದುಕೊಳ್ಳದೆ, ಮಂಚದ ಹತ್ತಿರ ಕುಳಿತು ಮಾತಾಡಿಸಿ, ಕಳಿಸುವಾಗ ಗೇಟಿನವರೆಗೆ ಬಂದವರು. ಅವರ ಮುಖಕ್ಕೆ "ನಿಮ್ಮ ಕೆಲಸ ಕೆಟ್ಟಿತು" ಎಂದು ಯಾರು ಹೇಳುತ್ತಾರೆ? ಇಂಗ್ಲೆಂಡಿನಲ್ಲಿ ಅದು ಹೇಗೋ, ನನಗೆ ಗೊತ್ತಿಲ್ಲ. ಇಲ್ಲಿ ಸೌತೆಕಾಯಿ ತಂದುಕೊಟ್ಟು ಅಡ್ಡಿಲ್ಲ ಎನ್ನುತ್ತಾರೆ.

ಮಂಗಳವಾರ ವೇಣೂರಿನ ಮೇಲಿನ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ. ಕಾರ್ಡು ನಾಲ್ಕು, ಮೂಸಾ, ಪೇಟೆಯಲ್ಲಿ ಅಕ್ಕಿಯ ಅಂಗಡಿ. ನಿನ್ನ ಪಕ್ಕದ ಮಂಚದವರು, ನಿನ್ನ ಹಾಗೆ ಹೊಸ್ತಿಲು ಸಿಕ್ಕಿದವರು, ನೆನಪಿರಬೇಕು. ನನಗೆ ಬೆಂಚು ಒರಸಿಕೊಟ್ಟು, ಸೋಡಾ ತರಿಸಿ, ಕೈಯನ್ನು ಅರ್ಧ ಎತ್ತಿ ಇಳಿಸಿ, "ಅಡ್ಡಿಲ್ಲ, ಫಸ್ಟ್ ಕ್ಲಾಸ್. ಡಾಕ್ಟರಿಗೆ ನನ್ನ ಸಲಾಂ ಹೇಳಿ" ಎಂದರು. ಪೂರ್ತಿ ಎತ್ತಿ ಎಂದದ್ದಕ್ಕೆ ಗಿರಾಕಿ ಬಂದರು ಎಂದು ಎದ್ದರು. ಗಿರಾಕಿ ಯಾರೂ ಇರಲಿಲ್ಲ. ನಾನು ರಸ್ತೆಗೆ ಇಳಿದದ್ದೇ ಅವರ ಹೆಂಡತಿ ನಬೀಸಾ, ಬಾಳೆಹಣ್ಣು ಕೊಡುವ ನೆವದಲ್ಲಿ ಹಿಂಬಾಗಿಲಿನಿಂದ ಬಂದರು. ನನ್ನ ಚೀಲವನ್ನು ತಾನೇ ಎತ್ತಿಕೊಂಡು ಹಣ್ಣು ತುಂಬಿಸುತ್ತಾ, "ಅಡ್ಡಿಲ್ಲ ಅಂತ ಬಾಯಿ ಹೇಳ್ತದೆ ಮಗಾ, ಭುಜವನ್ನು ಕೇಳು. ರಂಜಾನಿನಲ್ಲಿ ಮೂಟೆ ಎಳೆಯುವಾಗ ಜಾರಿತು. ಕೊಕ್ಕಡದ ಪಂಡಿತರು ಕೂರಿಸಿದ್ದು. ಡಾಕ್ಟರಿಗೆ ಬೇಸರ ಆಗ್ತದೆ ಅಂತ ಇವರು ನನ್ನ ಬಾಯಿಗೂ ಬೀಗ ಹಾಕಿದ್ದಾರೆ. ಬೇಸರ ಆದರೆ ಆಗಲಿ, ಅವರೇ ಮತ್ತೆ ಸರಿ ಮಾಡ್ಲಿ" ಎಂದರು. ಬಾಳೆಹಣ್ಣು ಹನ್ನೆರಡಿತ್ತು. ಬೀಗ ತೆಗೆಯಲಿಕ್ಕೆ ಅಷ್ಟು ಸಮಯ ಬೇಕಾಯಿತು.

ನನಗೆ ಅಲ್ಲಿಂದಲೇ ಹಿಂದೆ ಬರಬಹುದಿತ್ತು. ಹೆದರಿಕೆಯವಳು ನಾನು, ನಿನಗೆ ಗೊತ್ತು. ಹೊಸ ಊರಿನಲ್ಲಿ ಬಸ್ಸು ಕೇಳುವುದಕ್ಕೂ ಮೂರು ಸಲ ಬಾಯಿ ತೆರೆದು ಮುಚ್ಚುತ್ತೇನೆ. ಆದರೂ ಉಜಿರೆಯಲ್ಲಿ ಬಸ್ಸು ಬದಲಿಸಿ ಕೊಕ್ಕಡಕ್ಕೆ ಹೋದೆ. ಪಂಡಿತರೆಂದರೆ ಚನಿಯಪ್ಪ, ಎಲುಬು ಕೂರಿಸುವವರು, ಎಪ್ಪತ್ತು ದಾಟಿರಬೇಕು. ಚಪ್ಪರದಡಿ ಕುಳಿತು ಎಣ್ಣೆಗೆ ಸೊಪ್ಪು ಜಜ್ಜುತ್ತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕುಳಿತುಕೊಳ್ಳಲು ಮಣೆ ತೋರಿಸಿದರು. ಮೆಡಿಕಲ್ ಕಾಲೇಜು ಎಂದದ್ದಕ್ಕೆ "ಹಾಗಾದರೆ ನನ್ನ ಮೇಲೆ ಕೇಸೋ?" ಎಂದು ಕೇಳಿದರು, ನಗದೆ. ಕೇಸಲ್ಲ, ಲೆಕ್ಕ ಸರಿಯಾಗಬೇಕು ಎಂದೆ. ಎದುರಿಗೆ ಕತ್ತಿಯ ಗೆರೆ ಇರುವ ಭುಜ ಎಷ್ಟು ಕೂರಿಸಿದ್ದೀರಿ ಎಂದು ಕೇಳಿದೆ. ಅವರಿಗೆ ಮುಖ ನೆನಪಿರುವುದಿಲ್ಲವಂತೆ, ಭುಜ ಮರೆಯುವುದಿಲ್ಲವಂತೆ. "ಎರಡು. ಒಂದು ಬೆಳ್ತಂಗಡಿಯ ಸಾಹೇಬರದು. ಇನ್ನೊಂದು ಮೇಲ್ಕಾರಿನ ಓಡದವನದು. ಹೋದ ವರ್ಷ ಬೇಸಗೆಯ ಕೊನೆಗೆ. ಹಲ್ಲು ಕಚ್ಚಿಕೊಂಡು ಕುಳಿತ, ಒಂದು ಸ್ವರ ಹೊರಡಿಸಲಿಲ್ಲ. ಹೇಗೆ ಜಾರಿತು ಅಂತ ಕೇಳಿದೆ, ಹೇಳಲಿಲ್ಲ. ಏಳುವಾಗ ಮಾತ್ರ ಕೈ ಮುಗಿದ. 'ಇದು ಡಾಕ್ಟರ ಕಿವಿಗೆ ಬೀಳಬಾರದು ಪಂಡಿತರೇ, ತಂಗಿಗೆ ಅವರ ಒಂದು ಕಾಗದ ಆಗಬೇಕು' ಅಂದ."

ಅವರು ಮತ್ತೆ ಸೊಪ್ಪು ಜಜ್ಜತೊಡಗಿದರು.

ಅಣ್ಣಾ, ಹೋದ ವರ್ಷ ಬೇಸಗೆಯ ಕೊನೆ. ನನಗೆ ಮೆಡಿಕಲ್ ಸೀಟಿಗೂ ಅಲ್ಲಿಯ ಹಾಸ್ಟೆಲಿಗೂ ಅಲ್ವಾರಿಸ್ ಡಾಕ್ಟರು ಶಿಫಾರಸಿನ ಕಾಗದ ಬರೆದುಕೊಟ್ಟದ್ದು ಅದೇ ಜೂನಿನ ಮೊದಲ ವಾರ. ನೀನು ಬೊಂಬಾಯಿ ಬಸ್ಸು ಹತ್ತಿದ್ದು ಅದರ ಮರುವಾರ. ಲಾರಿಗಳು ಬಂದವು, ಇನ್ನು ಓಡಕ್ಕೆ ಕಾಲ ಇಲ್ಲ ಎಂದು ನೀನು ಹೇಳಿದೆ, ನಾವೆಲ್ಲ ನಂಬಿದೆವು. ಲಾರಿ ಬಂದದ್ದು ನಿಜವೇ ಆದ್ದರಿಂದ ನಂಬುವುದು ಸುಲಭವಾಯಿತು. ಆಮೇಲೆ ಹೋಟೆಲಿನಲ್ಲಿ ಗಲ್ಲಾದ ಹತ್ತಿರ ಕೂರಿಸಿದ್ದಾರೆ ಎಂದು ನೀನು ಬರೆದೆ. ಅಮ್ಮ ಅದನ್ನು ಬಡ್ತಿ ಎಂದು ಹತ್ತು ಮನೆಗೆ ಹೇಳಿದರು. ಟ್ರೇ ಎತ್ತಲು ಆಗದ ಕೈಗೆ ಹೋಟೆಲಿನಲ್ಲಿ ಬೇರೆ ಜಾಗ ಎಲ್ಲಿದೆ ಎಂದು ನನಗೆ ಹೊಳೆಯಲಿಲ್ಲ, ಎಲುಬಿನ ಪೆಟ್ಟಿಗೆಯನ್ನೇ ಮಂಚದ ಕೆಳಗೆ ಇಟ್ಟುಕೊಂಡವಳಿಗೆ. ಈ ಫೆಬ್ರವರಿಯಲ್ಲಿ ನೀನು ಅಂಚೆಯಲ್ಲಿ ಕಳಿಸಿದ ಕಾರ್ಡು ನನ್ನ ಮುಂದೆ ಉಂಟು. "ಅಡ್ಡಿಲ್ಲ. ತಂಗಿಯ ಮೇಲೆ ತಮ್ಮ ಕೃಪೆ ಇರಲಿ." 'ತಂಗಿ'ಯ ಸೊನ್ನೆಯನ್ನು ನೀನು ದೊಡ್ಡದಾಗಿ ಬರೆಯುವುದು ಹಾಗೆಯೇ ಉಂಟು. ನನಗೆ ನಿನ್ನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಟ್ಟಿನ ಜಾಗದಲ್ಲಿ ಬೇರೆ ಏನೋ ಬಂತು, ಅದನ್ನು ಬರೆಯಲು ಬರುವುದಿಲ್ಲ.

ಬುಧವಾರ ಡಾಕ್ಟರಿಗೆ ಮೂಸಾರದ್ದು ಹೇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದೆ. ಅವರು ಬೈಯಲಿಲ್ಲ. ಟೈಪ್ ಮಾಡಿದ ರಿಪೋರ್ಟನ್ನು ಎರಡು ಬೆರಳಿನಲ್ಲಿ ಎತ್ತಿ ಡ್ರಾಯರಿನೊಳಗೆ ಇಟ್ಟು, ಡ್ರಾಯರ್ ಮುಚ್ಚಿ, "ಎಲ್ಲ ಮನೆಗೂ ಮತ್ತೆ ಹೋಗು ವಿನೋದಾ. ಹೆಂಗಸರನ್ನು ಕೇಳು" ಎಂದರು. ಎರಡು ದಿನದಲ್ಲಿ ಐದು ಮನೆಗೆ ಹೋದೆ. ಉಳಿದವರನ್ನು ಅವರ ಹೆಂಗಸರ ಜೊತೆ ಸಿಸ್ಟರುಗಳು ಇಲ್ಲಿಗೇ ಕರೆಸಿದರು. ಹಳೆಯ ಕ್ರಮದ ಏಳರಲ್ಲಿ ಒಂದೂ ಜಾರಲಿಲ್ಲ, ಆದರೆ ಯಾರಿಗೂ ಕೈ ಹೊರಕ್ಕೆ ಪೂರ್ತಿ ತಿರುಗುವುದಿಲ್ಲ. ಒಬ್ಬಳಿಗೆ ಜಡೆಯನ್ನು ಗಂಡ ಹಾಕಿಕೊಡುತ್ತಾನೆ, ವಕ್ರ ವಕ್ರ. ಹೊಸ ಕ್ರಮದವರಲ್ಲಿ ಮೂಸಾ ಬಿಟ್ಟು ನಾನು ಕೇಳಿದ ಎಲ್ಲರದೂ ಗಟ್ಟಿ, ಕೈಯೂ ಚೆನ್ನಾಗಿ ಏಳುತ್ತದೆ. ಡಾಕ್ಟರು ಮೇಜಿನ ಮೇಲೆ ಪೆನ್ಸಿಲಿನಿಂದ ತಟ್ಟುತ್ತಾ, "ಏಳರಲ್ಲಿ ಒಂದು ಎಂದರೆ ಆಕಸ್ಮಿಕ ಇರಬಹುದು. ಎರಡು ಎಂದರೆ ಎಲ್ಲಿಯೋ ನಾನೇ ತಪ್ಪಿದ್ದೇನೆ, ಅದು ಎಲ್ಲಿ ಎಂದು ಕಾಣದೆ ಹೊಸ ಕ್ರಮಕ್ಕೆ ಇನ್ನೊಬ್ಬರ ಮೇಲೆ ಕತ್ತಿ ಇಡುವುದಿಲ್ಲ" ಎಂದರು. ಮತ್ತೆ ನನ್ನ ಕಡೆ ನೋಡಿ ಸ್ವಲ್ಪ ನಗಾಡಿ, "ಒಂಬತ್ತು ನಿನ್ನ ಅಣ್ಣನದಲ್ಲವಾ? ಅದೊಂದು ಗ್ಯಾರಂಟಿ" ಎಂದರು. ಪಂಡಿತರು ಹೇಳಿದ್ದನ್ನು ನಾನು ಹೇಳಲಿಲ್ಲ. ಅಣ್ಣನಿಗೆ ಬರೆದು ಕೇಳುತ್ತೇನೆ ಎಂದೆ ಅಷ್ಟೆ.

ಯಾಕೆ ಹೇಳಲಿಲ್ಲ ಎಂದರೆ, ನನಗೆ ಗೊತ್ತಿರುವುದು ಅರ್ಧ. ಜಾರಿತು ಎಂದು ಗೊತ್ತು, ಹೇಗೆ ಎಂದು ನಿನಗೆ ಮಾತ್ರ ಗೊತ್ತು. ಆರು ತಿಂಗಳು ಗಳ ಮುಟ್ಟಬಾರದು ಎಂದಿದ್ದರು. ನೀನು ಕದ್ದು ಮೊದಲೇ ಓಡ ಹತ್ತಿದಿಯಾ? ಹಾಗಾದರೆ ಹೊಸ್ತಿಲು ಕೂಡುವ ಮೊದಲೇ ನೀನು ಅದನ್ನು ಒದ್ದೆ, ತಪ್ಪು ಆಪರೇಷನಿನದಲ್ಲ. ಇಲ್ಲ, ಹೇಳಿದಷ್ಟು ದಿನ ಕಾದು, ಎಲ್ಲ ಸರಿಯಾಗಿ ಮಾಡಿ, ಸುಮ್ಮನೆ ಅಂಗಿ ತೊಡುವಾಗ ಜಾರಿತಾ? ಹಾಗಾದರೆ ಸ್ಕ್ರೂ ಹಿಡಿಯಲಿಲ್ಲ ಎಂದು ಅರ್ಥ. ಎರಡಕ್ಕೂ ಭೂಮಿ ಆಕಾಶದಷ್ಟು ಅಂತರ ಉಂಟು. ಕೈ ಆಗ ಎಲ್ಲಿತ್ತು, ಮೇಲೋ ಹಿಂದೆಯೋ. ಎಷ್ಟು ಸಲ ಜಾರಿತು. ಬೊಂಬಾಯಿಗೆ ಹೋದ ಮೇಲೂ ಜಾರಿತೋ. ನಾಚಿಕೆ ಬಿಟ್ಟು ಬರೆ. ಬಲಗೈಯಲ್ಲಿ ಬರೆಯಲು ನೋವಾದರೆ ಬೇರೆಯವರಿಂದ ಬರೆಸು.

ಇದೆಲ್ಲ ಹಳೆಯ ಕಾರ್ಡು ತಿದ್ದುವುದಕ್ಕೆ ಮಾತ್ರ ಅಲ್ಲ. ಹದಿನೈದನೆಯ ಒಂದು ಪೇಷೆಂಟ್ ಉಂಟು. ಸಣ್ಣ ಪ್ರಾಯ, ಮುಂದೆ ಮಾಡಬೇಕಾದ ಕೆಲಸವೆಲ್ಲ ಬಲಗೈಯದು, ಆ ಭುಜ ಈಗಾಗಲೇ ಮೂರು ಸಲ ಜಾರಿದೆ. ಇವರಿಗೆ ಲಕೋಟೆ ಇಲ್ಲ. ಹದಿನಾಲ್ಕು ಕಾರ್ಡು ಏನು ಹೇಳುತ್ತವೋ ಅದರ ಮೇಲೆ ನಿಶ್ಚಯ. ಹೊಸ್ತಿಲಾದರೆ ಕೈ ಪೂರ್ತಿ ಉಳಿಯುತ್ತದೆ, ಆದರೆ ಅದು ನಂಬುವಂಥದ್ದಾಗಿರಬೇಕು. ನಂಬಿಕೆ ಇಲ್ಲದಿದ್ದರೆ ಹಳೆಯ ಹೊಲಿಗೆ, ಕೈ ಜೀವಮಾನ ಇಡೀ ಬಿಗಿ. ಈ ತಿಂಗಳ ಇಪ್ಪತ್ತಾರು, ಸೋಮವಾರ, ಆಪರೇಷನ್. ನಿನ್ನ ಉತ್ತರ ಇಪ್ಪತ್ತನಾಲ್ಕರೊಳಗೆ ಬರಬೇಕು. ಬಾರದಿದ್ದರೆ ಚನಿಯಪ್ಪ ಪಂಡಿತರು ಹೇಳಿದಷ್ಟನ್ನು ನಾನೇ ಡಾಕ್ಟರ ಮುಂದಿಡುತ್ತೇನೆ. ನಿನಗೆ ಬೇಸರವಾದರೂ ಇಡುತ್ತೇನೆ. ನನ್ನ ಸೀಟಿನ ಚಿಂತೆ ಬೇಡ. ಅವರು ಕಾಗದ ಬರೆದದ್ದು ನನ್ನ ಮಾರ್ಕು ನೋಡಿ, ನಿನ್ನ ಭುಜ ನೋಡಿ ಅಲ್ಲ. ಮತ್ತೆ ಅವರು ಅಂಥವರೂ ಅಲ್ಲ. ಒಂದು ವೇಳೆ ಅಂಥವರೇ ಆಗಿದ್ದರೂ, ಸುಳ್ಳು ಕಾರ್ಡಿನ ಮೇಲೆ ಕುಳಿತು ನಾನು ಎಂಥ ಡಾಕ್ಟರಾಗುವುದು? ಆ ದಿನ ನೀನು ಹಲ್ಲು ಕಚ್ಚಿಕೊಂಡು ಕುಳಿತದ್ದು ಸಾಕು. ಇನ್ನು ಬಾಯಿ ಬಿಡು.

ಅಮ್ಮನಿಗೆ ನಾನು ಇದೇನೂ ಹೇಳಲಿಲ್ಲ, ನೀನೂ ಬರೆಯಬೇಡ. ಅಂಚೆಯವನೂ ಮಾಸ್ಟ್ರೂ ಇಬ್ಬರೂ ಒಂದೇ ರೀತಿ ಓದಿಬಿಡುತ್ತಾರೆ. ಮೊನ್ನೆ ಕಾರ್ಡಿನವರ ಮನೆ ಹುಡುಕಿ ಹೋಗುವಾಗ ಇದಿನಬ್ಬ ಬ್ಯಾರಿ ಬಂಟ್ವಾಳ ಪೇಟೆಯಲ್ಲಿ ಸಿಕ್ಕಿ ನಿನ್ನನ್ನು ಕೇಳಿದರು. ಓಡ ಮಾರಲಿಲ್ಲವಂತೆ, ಕವುಚಿ ಹಾಕಿದ್ದಾರಂತೆ. ಮುದಿ ಸಿಸ್ಟರ್ ನಿನಗೆ ತಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಇನ್ನೊಮ್ಮೆ ಬಂದರೆ ಬಿಸಿನೀರು ಕಾಯಿಸಿ ಇಡುತ್ತಾರಂತೆ. ನಿನ್ನ ಪಾದಕ್ಕೆ ನನ್ನ ನಮಸ್ಕಾರ. ಹೊತ್ತಿಗೆ ಉಣ್ಣು.

ನಿನ್ನ ತಂಗಿ,
ವಿನೋದಾ

ತಾ. ಕ.: ನಾಳೆಯ ಅಂಚೆಗೆ ಆಸ್ಪತ್ರೆಯ ಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಹದಿನೈದನೆಯ ಪೇಷೆಂಟ್ ನಾನೇ. ಸೆಪ್ಟೆಂಬರಿನಲ್ಲಿ ಹಾಸ್ಟೆಲಿನ ಬಾವಿಯಲ್ಲಿ ತುಂಬಿದ ಕೊಡ ಕೆಳಗೆ ಜಾರಿತು, ನಾನು ಹಗ್ಗ ಬಿಡಲಿಲ್ಲ. ನೀನು ಗಳ ಬಿಡದ ಹಾಗೆಯೇ. ಅಂದಿನಿಂದ ಮೂರು ಸಲ ಆಯಿತು, ಕೊನೆಯದು ಈ ಶುಕ್ರವಾರ. ಈ ಕಾಗದ ಎಡಗೈಯಲ್ಲಿ ಬರೆದದ್ದು, ಅದಕ್ಕೇ ಅಕ್ಷರ ಹೀಗೆ. ಚನಿಯಪ್ಪ ಪಂಡಿತರಿಗೆ ನನ್ನ ಭುಜದ ವಿಷಯ ನಾನು ಚಪ್ಪರದೊಳಗೆ ಕಾಲಿಡುವಾಗಲೇ ಗೊತ್ತಾಗಿತ್ತು. ಏಳುವಾಗ ನಾನು ಆ ಓಡದವನ ತಂಗಿ ಎಂದು ಗಳದ ಕಥೆ, ಹಗ್ಗದ ಕಥೆ ಎರಡನ್ನೂ ತಿಳಿಸಿದ್ದಕ್ಕೆ ಹೇಳಿದರು, "ನಿಮ್ಮ ಮನೆಯವರಿಗೆ ಬಿಡುವುದು ಗೊತ್ತಿಲ್ಲ" ಎಂದು. ಹೆದರಿಕೆ ಉಂಟು ಅಣ್ಣಾ, ಆದರೆ ಇಪ್ಪತ್ತಾರಕ್ಕೆ ನಾನು ಟೇಬಲ್ ಹತ್ತುವುದು ಖಂಡಿತ. ಯಾವ ಆಪರೇಷನಿಗೆ ಎಂದು ನಿನ್ನ ಕಾಗದ ಹೇಳಬೇಕು. ನನಗೋಸ್ಕರ ಒಮ್ಮೆ ಅಡ್ಡಿಲ್ಲ ಎಂದು ಬರೆದೆಯಲ್ಲ, ಈಗ ನನಗೋಸ್ಕರವೇ ಹಾಗೆ ಬರೆಯಬೇಡ.